ಸಿರ್ತಾದ ಖಾಲಿ ಕಪಾಟುಗಳು

ಕ್ರಿ.ಶ. 303ರ ಮೇ 19ರಂದು, ಉತ್ತರ ಆಫ್ರಿಕಾದ ನುಮಿಡಿಯಾ ಸೀಮೆಯ ಸಿರ್ತಾ ಪಟ್ಟಣದಲ್ಲಿ, ಕ್ರೈಸ್ತರು ಪ್ರಾರ್ಥನೆಗೆ ಕೂಡುತ್ತಿದ್ದ ಮನೆಗೆ ನಗರಾಡಳಿತದ ಮುಖ್ಯಸ್ಥ ಮುನಾಟಿಯಸ್ ಫೆಲಿಕ್ಸ್ ಗುಮಾಸ್ತರನ್ನು ಕರೆದುಕೊಂಡು ಬಂದ. ಇಂದಿನ ಅಲ್ಜೀರಿಯಾದ ಕಾನ್‌ಸ್ಟಂಟೀನ್ ನಗರವೇ ಆ ಸಿರ್ತಾ. ಕ್ರೈಸ್ತರ ಆರಾಧನಾ ಸ್ಥಳಗಳನ್ನು ಕೆಡವಬೇಕು, ಅವರ ಧರ್ಮಗ್ರಂಥಗಳನ್ನು ವಶಪಡಿಸಿಕೊಂಡು ಸುಡಬೇಕು ಎಂದು ಚಕ್ರವರ್ತಿ ಡಯೊಕ್ಲೀಷಿಯನ್ ಮೂರು ತಿಂಗಳ ಹಿಂದೆ ಆಜ್ಞೆ ಹೊರಡಿಸಿದ್ದ. ಅಂದು ಗುಮಾಸ್ತ ಬರೆದುಕೊಂಡ ಪಟ್ಟಿ ನಮ್ಮವರೆಗೆ ಉಳಿದುಬಂದಿದೆ. ಚಿನ್ನದ ಪಾನಪಾತ್ರೆ 2, ಬೆಳ್ಳಿಯವು 6, ಬೆಳ್ಳಿಯ ದೀಪ 7, ಹೆಂಗಸರ ನಿಲುವಂಗಿ 82, ಮುಸುಕು 38, ಗಂಡಸರ ನಿಲುವಂಗಿ 16, ಗಂಡಸರ ಮೆಟ್ಟು 13 ಜೊತೆ, ಹೆಂಗಸರವು 47 ಜೊತೆ. ಬಟ್ಟೆಬರೆಯೆಲ್ಲ ಬಡವರಿಗೆಂದು ಕೂಡಿಟ್ಟದ್ದಿರಬೇಕು. ಪುಸ್ತಕದ ಕೋಣೆಗೆ ಹೋದರೆ ಕಪಾಟುಗಳು ಖಾಲಿ. ಗ್ರಂಥಗಳು ಅವನ್ನು ಆರಾಧನೆಯಲ್ಲಿ ಓದುವ ಪಾಠಕರ ಮನೆಗಳಲ್ಲಿವೆ ಎಂದು ಬಿಷಪ್ ಪೌಲ ಒಪ್ಪಿಕೊಂಡ, ಆದರೆ ಆ ಪಾಠಕರ ಹೆಸರನ್ನು ತನ್ನ ಬಾಯಿಂದ ಹೇಳಲಿಲ್ಲ. ಸಿಲ್ವಾನಸ್ ಎಂಬ ಉಪಡೀಕನ್ ಹಂಡೆಯೊಂದರ ಹಿಂದೆ ಸಿಕ್ಕಿತೆಂದು ಬೆಳ್ಳಿಯ ಪೆಟ್ಟಿಗೆಯನ್ನೂ ಬೆಳ್ಳಿಯ ದೀಪವನ್ನೂ ತಂದು ಮುಂದಿಟ್ಟ. ಕತುಲ್ಲೀನಸ್ ಎಂಬ ಇನ್ನೊಬ್ಬ ದೊಡ್ಡದೊಂದು ಗ್ರಂಥವನ್ನು ತಂದುಕೊಟ್ಟ. ಪಾಠಕರ ಮನೆ ತೋರಿಸು ಎಂದಾಗ ಮಾತ್ರ ಅವನೂ ಅವನ ಜೊತೆಗಾರನೂ ಜಗ್ಗಲಿಲ್ಲ. ತಾವು ಜನರನ್ನು ಹಿಡಿದುಕೊಡುವವರಲ್ಲ, ಬೇಕಾದರೆ ಕೊಲ್ಲಿಸಿ ಎಂದುಬಿಟ್ಟರು. ಆಮೇಲೆ ಅಧಿಕಾರಿ ಮನೆಮನೆಗೆ ಹೋದ. ಒಬ್ಬ ನಾಲ್ಕು ಗ್ರಂಥ ಕೊಟ್ಟ, ಒಬ್ಬ ಐದು, ಮತ್ತೊಬ್ಬ ಎಂಟು. ಶಾಲೆಯ ಮೇಷ್ಟ್ರೊಬ್ಬ ಎರಡು ಕೊಟ್ಟ. ಗಂಡ ಇಲ್ಲದ ಒಂದು ಮನೆಯಲ್ಲಿ ಹೆಂಡತಿಯೇ ಆರು ಗ್ರಂಥಗಳನ್ನು ತಂದಿಟ್ಟಳು.

ಒಂದೇ ಹಗಲಿನ ಈ ದಾಖಲೆಯಲ್ಲಿ ಧೈರ್ಯ ಎಲ್ಲಿ ಮುಗಿದು ಅಳುಕು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗುವುದಿಲ್ಲ. ಗ್ರಂಥ ಕೊಟ್ಟ ಕತುಲ್ಲೀನಸ್ ಸೋತವನು, ಹೆಸರು ಹೇಳದ ಕತುಲ್ಲೀನಸ್ ಸಾವಿಗೆ ಎದೆಗೊಟ್ಟವನು. ಎರಡೂ ಅವನೇ, ನಡುವೆ ಕೆಲವೇ ನಿಮಿಷ. ಗ್ರಂಥ ಕೊಟ್ಟ ಇಂಥವರಿಗೆ ಲ್ಯಾಟಿನ್ನಿನಲ್ಲಿ ‘ತ್ರಾದಿತೋರೆಸ್’ ಎಂಬ ಹೆಸರು ಬಿತ್ತು. ಒಪ್ಪಿಸಿಕೊಟ್ಟವರು ಎಂದರ್ಥ. ಯೂದನು ಯೇಸುವನ್ನು ಒಪ್ಪಿಸಿಕೊಟ್ಟದ್ದಕ್ಕೂ ಅದೇ ಕ್ರಿಯಾಪದ ಬಳಕೆಯಲ್ಲಿದ್ದುದರಿಂದ ಆ ಹೆಸರು ಹೊತ್ತವನಿಗೆ ತಲೆಯೆತ್ತುವುದು ಸುಲಭವಿರಲಿಲ್ಲ. ಅಂಥವನ ಕೈಯಿಂದ ಪಡೆದ ದೀಕ್ಷಾಸ್ನಾನ ದೀಕ್ಷಾಸ್ನಾನವೇ? ಅಂಥವರನ್ನು ಒಳಗಿಟ್ಟುಕೊಂಡ ಧರ್ಮಸಭೆ ಕ್ರಿಸ್ತನದೇ? ಈ ಪ್ರಶ್ನೆಗಳ ಮೇಲೆ ಉತ್ತರ ಆಫ್ರಿಕಾದ ಕ್ರೈಸ್ತರು ನೂರು ವರ್ಷಕ್ಕೂ ಹೆಚ್ಚು ಕಾಲ ಹೋಳಾದರು. ಆ ಕಲಹದ ಒಳಗಿಂದಲೇ ಕ್ರೈಸ್ತ ನಿರೀಕ್ಷೆಯ ಬಗ್ಗೆ ಒಂದು ತಿಳಿವಳಿಕೆ ಮಾಗಿತು ಎಂಬುದು ಈ ಲೇಖನದ ವಾದ. ಮನುಷ್ಯರ ಪರಿಶುದ್ಧತೆಯ ಮೇಲೆ ಕಟ್ಟಿದ ನಿರೀಕ್ಷೆ ಮೊದಲ ತನಿಖೆಯಲ್ಲೇ ಕುಸಿಯುತ್ತದೆ. ಮನುಷ್ಯರು ಇರುವ ಹಾಗೆಯೇ ಅವರನ್ನು ಒಪ್ಪಿ ಹಿಡಿದು ತಿದ್ದುವ ಕೃಪೆಯ ಮೇಲೆ ಕಟ್ಟಿದ್ದಕ್ಕೆ ಮಾತ್ರ ತನಿಖೆಯ ಭಯವಿಲ್ಲ.

ಹಾಗೆಂದು ಪರಿಶುದ್ಧತೆಗಾಗಿ ಹಟ ಹಿಡಿದವರನ್ನು ಹಗುರವಾಗಿ ಕಾಣುವುದು ಅನ್ಯಾಯ. ಅವರ ಸಿಟ್ಟಿನ ಹಿಂದೆ ಹೆಣಗಳಿದ್ದವು. 304ರ ಫೆಬ್ರುವರಿಯಲ್ಲಿ ಅಬಿಟೀನಾ ಎಂಬ ಊರಿನ 49 ಮಂದಿ, ಬಿಷಪನೇ ಗ್ರಂಥಗಳನ್ನು ಒಪ್ಪಿಸಿದ ಮೇಲೂ ಭಾನುವಾರದ ಆರಾಧನೆಗೆ ಸೇರಿದ ತಪ್ಪಿಗೆ ಸೆರೆಯಾಗಿ, ಕಾರ್ಥೇಜಿನಲ್ಲಿ ಪ್ರೊಕಾನ್ಸುಲ್ ಅನುಲೀನಸನ ಮುಂದೆ ಚಿತ್ರಹಿಂಸೆ ಅನುಭವಿಸಿದರು. ಸೆರೆಮನೆಯಲ್ಲಿ ಹಸಿದಿದ್ದ ಅವರಿಗೆ ಊಟ ತಂದವರನ್ನು ಕಾರ್ಥೇಜಿನ ಬಿಷಪ್ ಮೆನ್ಸೂರಿಯಸ್ ಮತ್ತು ಅವನ ಡೀಕನ್ ಕೆಸೀಲಿಯನ್ ಬಾಗಿಲಲ್ಲೇ ತಡೆದು ಅಟ್ಟಿದರು ಎಂದು ಆ 49 ಮಂದಿಯ ಚರಿತ್ರೆಯನ್ನು ಬರೆದವರು ಆರೋಪಿಸಿದರು. ಮೆನ್ಸೂರಿಯಸನ ಎದುರಾಳಿ ಪಕ್ಷದವರ ಬರಹವಾದ್ದರಿಂದ ಅದನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೆ ಜನ ಅದನ್ನು ನಂಬಿದ್ದರು. ತನ್ನ ಅಣ್ಣನೋ ತಾಯಿಯೋ ಒಂದು ಗ್ರಂಥವನ್ನು ಕೊಡಲಾರೆ ಎಂದು ಸತ್ತಿರುವಾಗ, ಕೊಟ್ಟು ಜೀವ ಉಳಿಸಿಕೊಂಡವನು ಬಲಿಪೀಠದ ಮುಂದೆ ನಿಂತು ರೊಟ್ಟಿ ಮುರಿಯುವುದನ್ನು ನೋಡುವುದು ಹೇಗಿದ್ದೀತು? ಆ ನೋವನ್ನು ಮೊದಲು ಒಪ್ಪಿಕೊಳ್ಳದೆ ಕ್ಷಮೆಯ ಮಾತಾಡುವವನ ಮಾತಿಗೆ ತೂಕ ಬರುವುದಿಲ್ಲ.

ಮೆನ್ಸೂರಿಯಸ್ ತೀರಿಕೊಂಡ ಮೇಲೆ, 311ರ ಸುಮಾರಿಗೆ, ಅದೇ ಕೆಸೀಲಿಯನ್ ಕಾರ್ಥೇಜಿನ ಬಿಷಪನಾದ. ಅವನ ತಲೆಯ ಮೇಲೆ ಕೈಯಿಟ್ಟು ಅಭಿಷೇಕ ಮಾಡಿದವರಲ್ಲಿ ಒಬ್ಬನಾದ ಅಪ್ಟುಂಗಾದ ಬಿಷಪ್ ಫೆಲಿಕ್ಸ್ ಗ್ರಂಥ ಒಪ್ಪಿಸಿದವನು ಎಂಬ ಮಾತು ಹಬ್ಬಿತು. ನುಮಿಡಿಯಾದ 70 ಬಿಷಪರು ಟಿಗಿಸಿಯ ಸೆಕುಂಡಸನ ಮುಂದಾಳುತನದಲ್ಲಿ ಕಾರ್ಥೇಜಿಗೆ ಬಂದು ಆ ಅಭಿಷೇಕ ಸಲ್ಲದು ಎಂದು ತೀರ್ಮಾನಿಸಿ ಮಜೋರಿನಸ್ ಎಂಬವನನ್ನು ಪ್ರತಿಯಾಗಿ ನೇಮಿಸಿದರು. ಅವನ ನಂತರ ಬಂದವನೇ ಡೊನಾಟಸ್. ಸುಮಾರು ನಲವತ್ತು ವರ್ಷ ಆ ಪಕ್ಷವನ್ನು ನಡೆಸಿ ಅದಕ್ಕೆ ತನ್ನ ಹೆಸರನ್ನು ಕೊಟ್ಟವನು. ಡೊನಾಟಿಸ್ಟರ ತರ್ಕ ನೇರವಾಗಿತ್ತು. ತನ್ನಲ್ಲಿ ಇಲ್ಲದ್ದನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು. ಗ್ರಂಥ ಒಪ್ಪಿಸಿದವನಲ್ಲಿ ಪವಿತ್ರಾತ್ಮ ಇಲ್ಲ, ಆದ್ದರಿಂದ ಅವನು ಕೊಟ್ಟ ದೀಕ್ಷಾಸ್ನಾನ ಬರಿಯ ನೀರು. ಅವನಿಂದ ಅಭಿಷೇಕ ಪಡೆದವನಿಗೂ ಅದೇ ಮೈಲಿಗೆ, ಅವನೊಡನೆ ಪಂಕ್ತಿಗೆ ಕೂತವನಿಗೂ ಅದೇ. 258ರಲ್ಲಿ ರಕ್ತಸಾಕ್ಷಿಯಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್, ಧರ್ಮಸಭೆಯ ಹೊರಗೆ ದೀಕ್ಷಾಸ್ನಾನವಿಲ್ಲ ಎಂದು ಕಲಿಸಿದ್ದ. ಹಾಗಾಗಿ ತಾವೇ ಅವನ ನಿಜವಾದ ವಾರಸುದಾರರು ಎಂದು ಅವರು ಹೇಳಿಕೊಂಡದ್ದರಲ್ಲಿ ಸತ್ಯದ ಅಂಶವಿತ್ತು. ತಮ್ಮ ಕಡೆಗೆ ಬಂದವರಿಗೆಲ್ಲ ಅವರು ಮತ್ತೆ ದೀಕ್ಷಾಸ್ನಾನ ಮಾಡಿಸಿದರು.

ತೊಂದರೆ ಇದ್ದದ್ದು ಪುರಾವೆಗಳಲ್ಲಿ. 315ರಲ್ಲಿ ನಡೆದ ಸರ್ಕಾರಿ ವಿಚಾರಣೆಯಲ್ಲಿ ಅಪ್ಟುಂಗಾದ ಫೆಲಿಕ್ಸ್ ನಿರ್ದೋಷಿ ಎಂದು ತೀರ್ಮಾನವಾಯಿತು. ಅವನ ವಿರುದ್ಧ ತಂದ ಪತ್ರದಲ್ಲಿ ಬೇರೆಯವನೊಬ್ಬ ಸಾಲುಗಳನ್ನು ಸೇರಿಸಿದ್ದು ಬಯಲಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಸಿರ್ತಾದಿಂದ. ಬೆಳ್ಳಿಯ ದೀಪ ಹುಡುಕಿ ಕೊಟ್ಟ ಉಪಡೀಕನ್ ಸಿಲ್ವಾನಸ್ ಮುಂದೆ ಅದೇ ಊರಿನ ಬಿಷಪನಾಗಿ, ಮಜೋರಿನಸನಿಗೆ ಅಭಿಷೇಕ ಮಾಡಿದವರ ಸಾಲಿನಲ್ಲಿ ನಿಂತಿದ್ದ. 320ರಲ್ಲಿ ಅವನ ಕೈಕೆಳಗಿನ ಡೀಕನ್ ನುಂಡಿನಾರಿಯಸ್ ಅವನೊಡನೆ ಜಗಳವಾಡಿ, ಪ್ರಾಂತದ ಅಧಿಕಾರಿ ಜೆನೋಫಿಲಸನ ಮುಂದೆ 303ರ ಆ ದಾಖಲೆಯನ್ನೇ ಓದಿಸಿದ. ಆ ಪಟ್ಟಿ ಇಂದು ನಮಗೆ ಸಿಗುವುದೇ ಈ ವಿಚಾರಣೆಯ ಕಡತದಿಂದ. ಗ್ರಂಥ ಒಪ್ಪಿಸಿದವನ ಕೈ ಸೋಕಿದ ಅಭಿಷೇಕ ಸಲ್ಲದು ಎಂದು ಬೇರೆಯಾದವರ ಅಭಿಷೇಕದಲ್ಲೇ ಅಂಥ ಕೈ ಇತ್ತು. 305ರಲ್ಲಿ ಸಿರ್ತಾದಲ್ಲಿ ಸೇರಿದ ಬಿಷಪರನ್ನು ಸೆಕುಂಡಸ್ ಒಬ್ಬೊಬ್ಬರಾಗಿ ವಿಚಾರಿಸಿದಾಗ ಹಲವರು ನುಣುಚಿಕೊಂಡರೆಂದೂ, ಲಿಮಾಟಾದ ಪುರ್ಪೂರಿಯಸ್ ತಿರುಗಿಬಿದ್ದು ನೀನು ಹೇಗೆ ಬಿಡುಗಡೆಯಾಗಿ ಬಂದೆ ಎಂದು ಅವನನ್ನೇ ಕೇಳಿದನೆಂದೂ, ಕೊನೆಗೆ ಎಲ್ಲವನ್ನೂ ದೇವರ ತೀರ್ಪಿಗೆ ಬಿಟ್ಟು ಎದ್ದರೆಂದೂ ಇನ್ನೊಂದು ದಾಖಲೆ ಹೇಳುತ್ತದೆ. ಅದು ಕೃತಕವೆಂದು ಡೊನಾಟಿಸ್ಟರು ಆಕ್ಷೇಪಿಸಿದರು. ಆ ಆಕ್ಷೇಪವನ್ನು ಒಪ್ಪಿದರೂ ಸಿಲ್ವಾನಸನ ದೀಪ ಕತ್ತಲೆಗೆ ಸರಿಯುವುದಿಲ್ಲ.

ಇದನ್ನು ಎದುರಾಳಿಯ ಕಳ್ಳತನ ಸಿಕ್ಕಿತೆಂದು ಕುಣಿಯಲು ಹೇಳುತ್ತಿಲ್ಲ. ಹೇಳಬೇಕಾದದ್ದು ಬೇರೆ. ಪರಿಶುದ್ಧರ ಸಭೆಯೊಂದನ್ನು ಕಟ್ಟುತ್ತೇವೆ ಎಂದು ಹೊರಟವರು ಬಹುಬೇಗ ಎರಡು ಕೆಲಸಗಳಿಗೆ ಕಟ್ಟುಬೀಳುತ್ತಾರೆ: ಇತರರ ತಪ್ಪುಗಳನ್ನು ಅಗೆಯುವುದು, ತಮ್ಮವನ್ನು ಹೂಳುವುದು. ಪರಿಪೂರ್ಣತೆಯೇ ಬದುಕಿನ ಆಧಾರವಾದಾಗ ಪಾಪವನ್ನು ಒಪ್ಪಿಕೊಳ್ಳುವುದು ಆತ್ಮಹತ್ಯೆಗೆ ಸಮ. ಸಿಲ್ವಾನಸ್ ತಪ್ಪೊಪ್ಪಿಕೊಂಡು ಅತ್ತಿದ್ದರೆ ಅವನ ಸಭೆಯಲ್ಲಿ ಅವನಿಗೆ ಜಾಗವೇ ಇರುತ್ತಿರಲಿಲ್ಲ, ಆದ್ದರಿಂದ ಹದಿನೇಳು ವರ್ಷ ಮುಚ್ಚಿಟ್ಟ. ಇನ್ನೊಂದು ದಾರಿ ಆಗಲೇ ತೆರೆದಿತ್ತು. 314ರ ಆಗಸ್ಟಿನಲ್ಲಿ ಗಾಲ್ ದೇಶದ ಆರ್ಲ್ ನಗರದಲ್ಲಿ ಸೇರಿದ ಬಿಷಪರ ಸಭೆ ಈ ವಿಷಯಕ್ಕೆ ಒಂದು ನಿಯಮ ಮಾಡಿತು. ಗ್ರಂಥ ಒಪ್ಪಿಸಿದ್ದು ಸರ್ಕಾರಿ ದಾಖಲೆಯಿಂದ ರುಜುವಾತಾದ ಪಾದ್ರಿಯನ್ನು ಹುದ್ದೆಯಿಂದ ತೆಗೆಯಬೇಕು, ಬರಿಯ ಬಾಯಿಮಾತಿನ ದೂರು ಸಾಲದು. ಆದರೆ ಅಂಥವನು ಯಾರಿಗಾದರೂ ಅಭಿಷೇಕ ಮಾಡಿದ್ದರೆ, ಅವರು ಯೋಗ್ಯರಾಗಿದ್ದರೆ, ಆ ಅಭಿಷೇಕ ನಿಲ್ಲುತ್ತದೆ. ತಪ್ಪಿಗೆ ಶಿಕ್ಷೆಯುಂಟು. ಕೊಟ್ಟವನು ಜಾರಿದನೆಂದು ಅವನ ಕೈಯಿಂದ ದೇವರು ಕೊಟ್ಟದ್ದು ಕಸಿದುಹೋಗುವುದಿಲ್ಲ. ಕೃಪೆಯ ಬಗ್ಗೆ ಬರೆದ ಎಷ್ಟೋ ದೊಡ್ಡ ಗ್ರಂಥಗಳಿಗಿಂತ ಈ ಒಣ ನಿಯಮ ನನಗೆ ಹೆಚ್ಚು ಮಾತಾಡುತ್ತದೆ.

ಮುಂದಿನ ಐವತ್ತು ವರ್ಷಗಳಲ್ಲಿ ಆದದ್ದು ಹೆಚ್ಚಾಗಿ ದುಃಖದ ಕಥೆ. ಕಾನ್‌ಸ್ಟಂಟೈನ್ ಚಕ್ರವರ್ತಿ ಕೆಸೀಲಿಯನ್ನನ ಪರ ತೀರ್ಪಿತ್ತು, ಬಲ ಪ್ರಯೋಗಿಸಿ, 321ರಲ್ಲಿ ಕೈಚೆಲ್ಲಿದ. 347ರಲ್ಲಿ ಅವನ ಮಗ ಕಾನ್‌ಸ್ಟನ್ಸ್ ಕಳಿಸಿದ ಅಧಿಕಾರಿ ಮಕಾರಿಯಸ್ ಮೊದಲು ಹಣ ಹಂಚಿ, ಆಮೇಲೆ ಸೈನ್ಯ ಕರೆಸಿ ಬಾಗಾಯಿ ಎಂಬ ಊರಿನಲ್ಲಿ ರಕ್ತ ಹರಿಸಿದ. ಚಕ್ರವರ್ತಿಗೂ ಧರ್ಮಸಭೆಗೂ ಏನು ನಂಟು ಎಂಬ ಡೊನಾಟಸನ ಪ್ರಶ್ನೆಗೆ ಇಂದಿಗೂ ತೂಕವಿದೆ. ಹೊಸ ರಕ್ತಸಾಕ್ಷಿಗಳು ಹುಟ್ಟಿದರು, ಹಳೆಯ ಗಾಯ ಮತ್ತೆ ಹಸಿಯಾಯಿತು.

ತಿರುವು ಬಂದದ್ದು ಡೊನಾಟಿಸ್ಟರ ಒಳಗಿಂದಲೇ. ಟಿಕೋನಿಯಸ್ ಎಂಬ ಅವರ ಪಂಡಿತ, 380ರ ಆಸುಪಾಸಿನಲ್ಲಿ, ಪವಿತ್ರ ಗ್ರಂಥವನ್ನು ಓದುವ ಕ್ರಮಕ್ಕೆ ಏಳು ನಿಯಮಗಳನ್ನು ಬರೆದ. ಅದರಲ್ಲಿ ಒಂದು, ಕರ್ತನ ದೇಹಕ್ಕೆ, ಅಂದರೆ ಧರ್ಮಸಭೆಗೆ, ಎರಡು ಪಾಲುಗಳಿವೆ ಎಂಬುದು. ಗ್ರಂಥವು ಒಂದೇ ಜನವನ್ನು ಒಮ್ಮೆ ಮೆಚ್ಚಿ ಒಮ್ಮೆ ಗದರುವುದು ಏಕೆಂದರೆ ಆ ಜನದೊಳಗೆ ಒಳ್ಳೆಯವರೂ ಕೆಟ್ಟವರೂ ಕಾಲದ ಕೊನೆಯವರೆಗೆ ಕಲೆತಿರುತ್ತಾರೆ. ಹೀಗಾದ ಮೇಲೆ ಒಂದು ಪ್ರಾಂತದ ಶುದ್ಧರು ಮಾತ್ರ ಧರ್ಮಸಭೆ ಎನ್ನುವುದು ನಿಲ್ಲಲಿಲ್ಲ. ಕಾರ್ಥೇಜಿನ ಡೊನಾಟಿಸ್ಟ್ ಬಿಷಪ್ ಪಾರ್ಮೇನಿಯನ್ ಅವನನ್ನು ಖಂಡಿಸಿ ಬರೆದ, ಅವರ ಸಭೆಯೊಂದು ಅವನನ್ನು ಹೊರಗಿಟ್ಟಿತು. ಟಿಕೋನಿಯಸ್ ಕೆಸೀಲಿಯನ್ನನ ಹಾದಿಯ ಕ್ಯಾಥೊಲಿಕ್ ಪಕ್ಷಕ್ಕೆ ಹೋಗಲಿಲ್ಲ. ಎರಡು ಕಡೆಯಿಂದಲೂ ಒಂಟಿಯಾಗಿ ಉಳಿದ. ಕೆಟ್ಟವರೂ ಕೂಡಿದ ಸಭೆ ಎಂಬ ವಿಚಾರ ಅಧಿಕಾರ ಹಿಡಿದ ದೊಡ್ಡ ಪಕ್ಷದವರು ತಮ್ಮ ಹುಳುಕು ಮುಚ್ಚಲು ಹೆಣೆದ ನೆಪ ಎಂದು ಹೇಳುವವರು ಈ ಮನುಷ್ಯನನ್ನು ನೆನೆಯಬೇಕು. ಅವನ ಬಳಿ ಅಧಿಕಾರವಿರಲಿಲ್ಲ. ಆ ಮಾತಿನಿಂದ ಅವನಿಗೆ ಸಿಕ್ಕಿದ್ದು ಬಹಿಷ್ಕಾರ.

ಅವನ ನಿಯಮಗಳನ್ನು ಶ್ರದ್ಧೆಯಿಂದ ಓದಿದವನು ಆಗಸ್ಟೀನ್. 354ರಲ್ಲಿ ಥಗಾಸ್ಟೆಯಲ್ಲಿ ಹುಟ್ಟಿ, ಮಾನಿ ಎಂಬವನ ಮತದಲ್ಲಿ ಒಂಬತ್ತು ವರ್ಷ ಅಲೆದು, ಇಟಲಿಯಿಂದ ಕ್ರೈಸ್ತನಾಗಿ ಮರಳಿ, 391ರಲ್ಲಿ ಹಿಪ್ಪೋ ಪಟ್ಟಣದ ಪಾದ್ರಿಯೂ ಕೆಲವು ವರ್ಷಗಳಲ್ಲಿ ಬಿಷಪನೂ ಆದವನು. ಅವನ ಊರಿನಲ್ಲೂ ಡೊನಾಟಿಸ್ಟರದೇ ಮೇಲುಗೈ. ಅವರಿಗೆ ಅವನು ಕೊಟ್ಟ ಉತ್ತರದ ತಿರುಳು, ಗೋಧಿಯ ಹೊಲದಲ್ಲಿ ಬೆಳೆದ ಹಣಜಿಯ ಬಗ್ಗೆ ಯೇಸು ಹೇಳಿದ ಸಾಮ್ಯ. ಕಳೆಯನ್ನು ಈಗಲೇ ಕಿತ್ತರೆ ಗೋಧಿಯೂ ಕಿತ್ತುಬರುತ್ತದೆ, ಸುಗ್ಗಿಯವರೆಗೆ ಎರಡೂ ಬೆಳೆಯಲಿ. ದೀಕ್ಷಾಸ್ನಾನ ಕೊಡುವವನ ಕೈ ಯಾರದಾದರೂ ಆಗಲಿ, ಸ್ನಾನ ಮಾಡಿಸುವವನು ಕ್ರಿಸ್ತನೇ. ಕಲ್ಲಿನ ಕಾಲುವೆಯಲ್ಲಿ ಏನೂ ಬೆಳೆಯದಿದ್ದರೂ ಅದರ ಮೂಲಕ ಹರಿದ ನೀರು ತೋಟವನ್ನು ಹಸಿರಾಗಿಸುತ್ತದೆ. ಡೊನಾಟಿಸ್ಟರ ನಡತೆಯನ್ನೇ ಅವನು ಸಾಕ್ಷಿಗೆ ಕರೆದ. 393ರಲ್ಲಿ ಅವರೊಳಗೆ ಮ್ಯಾಕ್ಸಿಮಿಯನ್ ಎಂಬ ಡೀಕನ್ ಬಂಡೆದ್ದು ಬೇರೆ ಗುಂಪು ಕಟ್ಟಿದ. ಮರುವರ್ಷ ಬಾಗಾಯಿಯಲ್ಲಿ 310 ಡೊನಾಟಿಸ್ಟ್ ಬಿಷಪರು ಸೇರಿ ಆ ಗುಂಪನ್ನು ಕಠೋರ ಮಾತುಗಳಲ್ಲಿ ಶಪಿಸಿದರು. ಆದರೆ ಮುಂದೆ ಆ ಗುಂಪಿನ ಮುಸ್ಟಿಯ ಬಿಷಪ್ ಫೆಲಿಸಿಯಾನಸ್ ಹಿಂತಿರುಗಿದಾಗ ಅವನನ್ನು ಬಿಷಪನಾಗಿಯೇ ಸೇರಿಸಿಕೊಂಡರು. ಹೊರಗಿದ್ದಾಗ ಅವನು ಕೊಟ್ಟ ದೀಕ್ಷಾಸ್ನಾನಗಳನ್ನೂ ಒಪ್ಪಿದರು. ಮನೆಯೊಳಗಿನ ಜಗಳ ಮುಗಿಸಲು ಅವರಿಗೂ ಕೃಪೆಯ ತರ್ಕವೇ ಬೇಕಾಯಿತು, ಬೇರೆ ಯಾವ ತರ್ಕದಿಂದಲೂ ಜಗಳ ಮುಗಿಯುತ್ತಿರಲಿಲ್ಲ.

ಸಿರ್ತಾ ಇಲ್ಲಿ ಮತ್ತೊಮ್ಮೆ ಬರುತ್ತದೆ. ಆ ಊರಿನ ಡೊನಾಟಿಸ್ಟ್ ಬಿಷಪ್ ಪೆಟಿಲಿಯನ್, ವಕೀಲನಾಗಿದ್ದ ಚುರುಕು ಮನುಷ್ಯ, ಆಗಸ್ಟೀನನ ಮಾನಿಮತದ ದಿನಗಳನ್ನು ಎತ್ತಿ ಆಡಿ ಅವನ ಚಾರಿತ್ರ್ಯವನ್ನು ಬಿಡಿಸಿಟ್ಟ. ಆಗಸ್ಟೀನ್ ತನ್ನ ಹಳೆಯ ಬದುಕನ್ನು ಸಮರ್ಥಿಸಿಕೊಳ್ಳಲು ಹೋಗಲಿಲ್ಲ. ಅದನ್ನು ತಾನೇ ಮೊದಲು ಖಂಡಿಸಿದ್ದೇನೆ ಎಂದ. ಈ ಆಗಸ್ಟೀನ್ ಎಂಥವನಾದರೂ ಆಗಿರಲಿ, ಜನರ ನಿರೀಕ್ಷೆ ಅವನಲ್ಲಿ ಇಡಬೇಕಾದದ್ದಲ್ಲ ಎಂಬುದು ಅವನ ಉತ್ತರದ ಸಾರ. ಅದಕ್ಕೂ ಮುಂಚೆ, 397ರಿಂದ ಬರೆದ ‘ಪಾಪನಿವೇದನೆಗಳು’ ಕೃತಿಯಲ್ಲಿ ಅವನು ಇನ್ನೂ ದೂರ ಹೋಗಿದ್ದ. ಮನಃಪರಿವರ್ತನೆಯ ಕಥೆಯನ್ನು ಹೇಳಿ ಮುಗಿಸಿದ ಮೇಲೆ ಹತ್ತನೆಯ ಭಾಗದಲ್ಲಿ, ಬಿಷಪನಾದ ಮೇಲೂ ತನ್ನನ್ನು ಕಾಡುವ ಕನಸು, ಊಟದ ಆಸೆ, ಹೊಗಳಿಕೆಯ ಚಪಲಗಳನ್ನು ಒಂದೊಂದಾಗಿ ಬರೆದ. ಸಂತನೆಂದು ಜನ ನಂಬಿದವನು, ತಾನಿನ್ನೂ ವಾಸಿಯಾಗುತ್ತಿರುವ ರೋಗಿ ಎಂದು ಹಾಳೆಯ ಮೇಲೆ ಇಟ್ಟದ್ದು ಸಣ್ಣ ಸಂಗತಿಯಲ್ಲ.

ಹೀಗಾದರೆ ಕಟ್ಟುನಿಟ್ಟು ಎಲ್ಲಿ ಉಳಿಯಿತು, ಕಳೆಯನ್ನು ಬೆಳೆಯಲು ಬಿಟ್ಟ ಹೊಲ ಕಡೆಗೆ ಕಳೆಯ ಹೊಲವೇ ಆಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಇದಕ್ಕೆ ತತ್ತ್ವದ ಉತ್ತರಕ್ಕಿಂತ ನಡತೆಯ ಉತ್ತರ ಒಳ್ಳೆಯದು. ಹಿಪ್ಪೋದಲ್ಲಿ ಆಗಸ್ಟೀನನ ಮನೆಯಲ್ಲಿದ್ದ ಪಾದ್ರಿಗಳೆಲ್ಲ ಸ್ವಂತ ಆಸ್ತಿ ಬಿಟ್ಟು ಒಟ್ಟಿಗೆ ಬಾಳಬೇಕೆಂಬ ಕಟ್ಟಳೆಯಿತ್ತು. 425ರ ಸುಮಾರಿಗೆ ಜನುವಾರಿಯಸ್ ಎಂಬ ಪಾದ್ರಿ ಸತ್ತಾಗ ಅವನು ಗುಟ್ಟಾಗಿ ಹಣ ಇಟ್ಟುಕೊಂಡಿದ್ದೂ, ಮಕ್ಕಳಿದ್ದರೂ ಅದನ್ನು ಚರ್ಚಿಗೆ ಬರೆದಿದ್ದೂ ತಿಳಿಯಿತು. ಆಗಸ್ಟೀನ್ ಆ ಹಣವನ್ನು ಮುಟ್ಟಲಿಲ್ಲ. ಮುಚ್ಚಿಡುವ ಬದಲು ಇಡೀ ಊರಿನ ಮುಂದೆ ಪ್ರಸಂಗದಲ್ಲಿ ಆ ಸಂಗತಿ ಹೇಳಿದ. ಆಸ್ತಿ ಇಟ್ಟುಕೊಳ್ಳಬಯಸುವ ಪಾದ್ರಿ ಅದನ್ನು ಬಹಿರಂಗವಾಗಿ ಹೇಳಲಿ, ಹುದ್ದೆ ಕಳೆದುಕೊಳ್ಳುವ ಭಯಕ್ಕೆ ಕಪಟಿಯಾಗುವುದು ಬೇಡ ಎಂದು ತನ್ನ ಹಿಂದಿನ ಕಟ್ಟಳೆಯನ್ನೇ ಸಡಿಲಿಸಿದ. ಆಮೇಲೆ ಒಬ್ಬೊಬ್ಬರ ಲೆಕ್ಕವನ್ನೂ ವಿಚಾರಿಸಿ, ಎಲ್ಲರೂ ಒಟ್ಟುಬಾಳನ್ನೇ ಆರಿಸಿಕೊಂಡರೆಂದು ಮತ್ತೊಂದು ಪ್ರಸಂಗದಲ್ಲಿ ಜನರಿಗೆ ವರದಿ ಒಪ್ಪಿಸಿದ. ಫುಸ್ಸಾಲಾ ಎಂಬ ಹಳ್ಳಿಗಾಡಿಗೆ ಪ್ಯೂನಿಕ್ ಭಾಷೆ ಬಲ್ಲನೆಂಬ ಕಾರಣಕ್ಕೆ ಅವನು ನೇಮಿಸಿದ ತರುಣ ಬಿಷಪ್ ಆಂಟೋನಿನಸ್ ರೈತರನ್ನು ಸುಲಿದಾಗಲೂ, ಪೋಪ್ ಸೆಲೆಸ್ಟೈನನಿಗೆ ಬರೆದ ಪತ್ರದಲ್ಲಿ ಆಯ್ಕೆಯ ತಪ್ಪು ತನ್ನದೇ ಎಂದು ಒಪ್ಪಿ, ಪರಿಹಾರ ಸಿಗದಿದ್ದರೆ ತಾನೇ ಹುದ್ದೆ ಬಿಡುವ ಮಾತಾಡಿದ. ಮುಚ್ಚಿಡುವುದರಿಂದ ಉಳಿಯಬೇಕಾದ ಹೆಸರು ಇಲ್ಲದಿರುವಾಗಲೇ ಲೆಕ್ಕ ತೆರೆದಿಡುವ ಧೈರ್ಯ ಬರುತ್ತದೆ. ಕೃಪೆಯಿಂದ ಶಿಸ್ತು ಕೆಟ್ಟಿತು ಎನ್ನುವವರು ಸಿಲ್ವಾನಸನ ಹದಿನೇಳು ವರ್ಷದ ಮೌನವನ್ನೂ ಈ ಎರಡು ಪ್ರಸಂಗಗಳನ್ನೂ ಪಕ್ಕದಲ್ಲಿಟ್ಟು ನೋಡಲಿ.

ಇದಕ್ಕೂ ಮುಂಚೆ, 411ರ ಜೂನಿನಲ್ಲಿ, ಎರಡೂ ಪಕ್ಷಗಳು ಕಾರ್ಥೇಜಿನ ಗಾರ್ಗಿಲಿಯಸ್ ಸ್ನಾನಗೃಹದ ಸಭಾಂಗಣದಲ್ಲಿ ಎದುರುಬದುರಾದವು. ಕ್ಯಾಥೊಲಿಕ್ ಬಿಷಪರು 286 ಮಂದಿ, ಡೊನಾಟಿಸ್ಟರೂ ಹೆಚ್ಚುಕಡಿಮೆ ಅಷ್ಟೇ. ಅಧ್ಯಕ್ಷನಾಗಿ ಕೂತವನು ಚಕ್ರವರ್ತಿ ಹೊನೋರಿಯಸನ ಪ್ರತಿನಿಧಿ ಮಾರ್ಸೆಲ್ಲೀನಸ್. ಕುಳಿತುಕೊಳ್ಳಿರೆಂದರೆ ಡೊನಾಟಿಸ್ಟರು ಒಪ್ಪಲಿಲ್ಲ. ಪಾಪಿಗಳ ಜೊತೆ ಕೂರಬಾರದೆಂದು ಕೀರ್ತನೆ ಹೇಳುತ್ತದಲ್ಲ ಎಂದರು. ಮಾರ್ಸೆಲ್ಲೀನಸ್ ತನ್ನ ಆಸನವನ್ನು ಬಿಟ್ಟು ಎದ್ದುನಿಂತ. ಆಡಿದ ಮಾತನ್ನೆಲ್ಲ ಶೀಘ್ರಲಿಪಿಕಾರರು ಬರೆದುಕೊಂಡರು. ಕ್ಯಾಥೊಲಿಕರು ಮೊದಲೇ ಬರೆದುಕೊಟ್ಟ ಮಾತೊಂದು ಇಲ್ಲಿ ಮುಖ್ಯ. ಸೋತರೆ ತಮ್ಮ ಪೀಠಗಳನ್ನು ಬಿಡುತ್ತೇವೆ. ಗೆದ್ದರೆ ಡೊನಾಟಿಸ್ಟ್ ಬಿಷಪರೊಡನೆ ಪೀಠ ಹಂಚಿಕೊಳ್ಳುತ್ತೇವೆ. ಒಂದೇ ಊರಿಗೆ ಇಬ್ಬರು ಬಿಷಪರು ಜನರಿಗೆ ಸರಿಕಾಣದಿದ್ದರೆ ಇಬ್ಬರೂ ಕೆಳಗಿಳಿದು ಮೂರನೆಯವನಿಗೆ ದಾರಿಬಿಡಲಿ. ಮೂರು ದಿನಗಳ ಅಧಿವೇಶನದ ಕೊನೆಗೆ ಮಾರ್ಸೆಲ್ಲೀನಸ್ ಕ್ಯಾಥೊಲಿಕರ ಪರ ತೀರ್ಪುಕೊಟ್ಟ. ಮರುವರ್ಷ ರಾಜಾಜ್ಞೆ ಬಂತು. ಡೊನಾಟಿಸ್ಟರ ಚರ್ಚುಗಳು ಜಪ್ತಿಯಾದವು, ಬಿಟ್ಟುಬರದವರಿಗೆ ಅಂತಸ್ತಿಗೆ ತಕ್ಕ ದಂಡ ಬಿತ್ತು.

ಈ ವಾದಕ್ಕೆ ಬರುವ ಅತಿ ಕಷ್ಟದ ಆಕ್ಷೇಪ ಇಲ್ಲಿದೆ, ಅದನ್ನು ದಾಟಿಹೋಗಲು ನನಗೆ ಮನಸ್ಸಿಲ್ಲ. ಸುಗ್ಗಿಯವರೆಗೆ ಕಾಯಿರಿ ಎಂದ ಮನುಷ್ಯನೇ ಬಲವಂತವನ್ನು ಸಮರ್ಥಿಸಿದ. ಮೊದಮೊದಲು ಆಗಸ್ಟೀನ್ ಬಲವಂತಕ್ಕೆ ವಿರುದ್ಧವಾಗಿದ್ದ. ಹೆದರಿ ಬಂದವರು ವೇಷಧಾರಿ ಕ್ಯಾಥೊಲಿಕರಾಗುತ್ತಾರೆ ಎಂಬುದು ಅವನ ಕಾರಣ. 408ರಲ್ಲಿ ವಿನ್ಸೆಂಟಿಯಸ್ ಎಂಬವನಿಗೆ ಬರೆದ ಪತ್ರದಲ್ಲಿ ಅವನು ಮನಸ್ಸು ಬದಲಾಯಿಸಿದ್ದನ್ನು ಹೇಳಿ, ತನ್ನ ಹುಟ್ಟೂರೇ ಕಾನೂನಿನ ಭಯದಿಂದ ಒಂದಾಗಿ ಈಗ ಸಂತೋಷವಾಗಿದೆ ಎಂದು ತೋರಿಸಿದ. ಯೇಸುವಿನ ಔತಣದ ಸಾಮ್ಯದಲ್ಲಿ ಅತಿಥಿಗಳನ್ನು ಒತ್ತಾಯಿಸಿ ಕರೆತರುವ ಮಾತನ್ನು ದಂಡದ ಕಾನೂನಿಗೆ ಆಧಾರ ಮಾಡಿದ. ಡೊನಾಟಿಸ್ಟ್ ಪುಂಡರು ದೊಣ್ಣೆ ಹಿಡಿದು ಪಾದ್ರಿಗಳನ್ನು ಹೊಡೆಯುತ್ತಿದ್ದುದು ನಿಜ. ಒಬ್ಬ ಪಾದ್ರಿಯನ್ನು ಕೊಂದವರಿಗೂ ಮರಣದಂಡನೆ ಬೇಡವೆಂದು ಆಗಸ್ಟೀನ್ ಮಾರ್ಸೆಲ್ಲೀನಸನಿಗೆ ಪತ್ರ ಬರೆದು ಬೇಡಿದ್ದೂ ನಿಜ. ಆದರೂ ಆ ಸಮರ್ಥನೆ ತಪ್ಪು. ಮುಂದಿನ ಶತಮಾನಗಳಲ್ಲಿ ಎಷ್ಟೋ ಜನ ಹಿಂಸಕರು ಅದರ ನೆರಳಲ್ಲಿ ನಿಂತರು. ಆ ತಪ್ಪನ್ನು ತಪ್ಪೆಂದು ಅಳೆಯುವ ಅಳತೆಗೋಲು ಅವನದೇ ಹಣಜಿಯ ವಾದದಲ್ಲಿದೆ. ಅದು ಅವನು ಸರಿಯಾಗಿ ನಡೆದುಕೊಂಡದ್ದರಿಂದ ಸತ್ಯವಾದ ವಾದವಲ್ಲ, ಆದ್ದರಿಂದ ಅವನು ಎಡವಿದ್ದರಿಂದ ಸುಳ್ಳಾಗುವುದೂ ಇಲ್ಲ. ಪರಿಪೂರ್ಣ ಗುರುವನ್ನು ಬೇಡುವ ತತ್ತ್ವವಾಗಿದ್ದರೆ ಆಗಸ್ಟೀನನ ಜೊತೆಗೇ ಅದೂ ಮುಳುಗಬೇಕಿತ್ತು.

ಅದೇ ವರ್ಷಗಳಲ್ಲಿ ಇನ್ನೊಂದು ದಿಕ್ಕಿನಿಂದ ಅದೇ ಪ್ರಶ್ನೆ ಬಂತು. ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ಪೆಲೇಜಿಯಸ್ ನಿಷ್ಠಾವಂತ ತಪಸ್ವಿ. ಹೆಸರಿಗೆ ಕ್ರೈಸ್ತರಾದ ಸಿರಿವಂತರ ಸೋಮಾರಿತನ ಅವನಿಗೆ ಹೇಸಿಗೆ ಹುಟ್ಟಿಸಿತ್ತು. ದೇವರು ಆಜ್ಞಾಪಿಸುವುದನ್ನು ನೆರವೇರಿಸುವ ಶಕ್ತಿಯನ್ನೂ ದೇವರೇ ಕೊಡಲಿ ಎಂಬ ಆಗಸ್ಟೀನನ ಪ್ರಾರ್ಥನೆಯನ್ನು ಯಾರೋ ಓದಿದಾಗ ಅವನು ಕೆರಳಿದ. ಹೀಗೆ ಬೇಡುತ್ತ ಕೂತರೆ ಜನ ಪ್ರಯತ್ನವನ್ನೇ ಬಿಡುತ್ತಾರೆ ಎಂಬುದು ಅವನ ಅಂಜಿಕೆ. 413ರ ಸುಮಾರಿಗೆ ರೋಮಿನ ಶ್ರೀಮಂತ ಮನೆತನದ ಕನ್ಯೆ ಡೆಮೆಟ್ರಿಯಾಸಳಿಗೆ ಬರೆದ ಪತ್ರದಲ್ಲಿ ಅವನು, ಸೃಷ್ಟಿಸಿದವನಿಗೆ ನಮ್ಮ ಬಲ ಗೊತ್ತು, ಆಗದ್ದನ್ನು ಅವನು ವಿಧಿಸುವುದಿಲ್ಲ ಎಂಬ ನೆಲೆಯಿಂದ ವಾದಿಸಿದ. ಆ ಮಾತಿನಲ್ಲಿ ಎತ್ತರವಿದೆ. ಎಡವಿದವನಿಗೆ ಮಾತ್ರ ಅದು ಏನನ್ನೂ ಹೇಳುವುದಿಲ್ಲ. ಆಗುತ್ತಿತ್ತು, ನೀನು ಮಾಡಲಿಲ್ಲ ಎಂದಷ್ಟೇ ಅವನಿಗೆ ಕೇಳುವುದು. 418ರ ಮೇ 1ರಂದು ಕಾರ್ಥೇಜಿನಲ್ಲಿ ಸೇರಿದ ಆಫ್ರಿಕಾದ ಬಿಷಪರು ಇದಕ್ಕೆ ಕೊಟ್ಟ ಉತ್ತರ ನೆಲದ ಮೇಲೆ ನಿಂತದ್ದು. ಕರ್ತನ ಪ್ರಾರ್ಥನೆಯಲ್ಲಿ ಪಾಪಕ್ಷಮೆ ಬೇಡುವ ಸಾಲನ್ನು ಸಂತರು ಬರಿಯ ವಿನಯಕ್ಕಾಗಿ ಹೇಳುತ್ತಾರೆ, ಅಥವಾ ಇತರರಿಗಾಗಿ ಹೇಳುತ್ತಾರೆ, ತಮಗಾಗಿ ಅಲ್ಲ ಎನ್ನುವವರನ್ನು ಅವರು ಖಂಡಿಸಿದರು. ಸಂತನೂ ಆ ಸಾಲನ್ನು ನಿಜವಾಗಿ, ತನಗಾಗಿಯೇ ಹೇಳುತ್ತಾನೆ. ಮಂಗಳೂರಿನ, ಧಾರವಾಡದ, ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದಲ್ಲಿ ಭಾನುವಾರ ಭಾನುವಾರ ಏಳುವ ಪ್ರಾರ್ಥನೆಯಲ್ಲೂ ಅದೇ ಕೋರಿಕೆಯಿದೆ. ಬಿಷಪನೂ ಕಡೆಯ ಬೆಂಚಿನವನೂ ಅದನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ಕನ್ನಡ ಸತ್ಯವೇದವು ಕೃಪೆಯನ್ನು ನೆಚ್ಚಿ ಕಾಯುವ ಈ ಗುಣಕ್ಕೆ ‘ನಿರೀಕ್ಷೆ’ ಎಂಬ ಪದವನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಕೈಗೆ ಬಂದದ್ದನ್ನು ಯಾರೂ ನಿರೀಕ್ಷಿಸುವುದಿಲ್ಲ. ಇನ್ನೂ ಬರಬೇಕಾದದ್ದರ ಕಡೆಗೆ ಕಣ್ಣು ನೆಟ್ಟು ಇರುವುದು ಅದು. ಡೊನಾಟಿಸ್ಟರು ಪರಿಶುದ್ಧ ಸಭೆ ಈಗಲೇ ತಮ್ಮ ಪ್ರಾಂತದಲ್ಲಿ ಬಂದಾಗಿದೆ ಎಂದರು, ಪೆಲೇಜಿಯಸ್ ಅದು ಒಬ್ಬೊಬ್ಬರ ಸಂಕಲ್ಪದಷ್ಟು ಹತ್ತಿರದಲ್ಲಿದೆ ಎಂದ. ಇಬ್ಬರ ಮಾತಿನಲ್ಲೂ ಕಾಯುವುದಕ್ಕೆ ಏನೂ ಉಳಿಯಲಿಲ್ಲ. ಅಪರಾಧಿಗಳ ಪರ ಬಿಷಪರು ಮಧ್ಯೆ ಬರುವುದೇಕೆ ಎಂದು ಆಫ್ರಿಕಾದ ಅಧಿಕಾರಿ ಮ್ಯಾಸಿಡೋನಿಯಸ್ ಕೇಳಿದಾಗ ಆಗಸ್ಟೀನ್ ಕೊಟ್ಟ ಉತ್ತರ ಕಾಯುವವನದು. ಮನುಷ್ಯನಿಗೆ ನಡತೆ ತಿದ್ದಿಕೊಳ್ಳಲು ಈ ಬದುಕು ಬಿಟ್ಟರೆ ಬೇರೆ ಜಾಗವಿಲ್ಲ, ಆದ್ದರಿಂದ ಬದುಕನ್ನು ಉಳಿಸಿಕೊಡಿ ಎಂದು ಬೇಡುತ್ತೇವೆ. ಆ ಕಾಲದ ಚರ್ಚಿನಲ್ಲಿ ಬಹಿರಂಗ ಪ್ರಾಯಶ್ಚಿತ್ತಕ್ಕೆ ಜೀವಮಾನದಲ್ಲಿ ಒಂದೇ ಅವಕಾಶವಿತ್ತು. ಅದನ್ನೂ ಕಳೆದುಕೊಂಡು ಮತ್ತೆ ಬಿದ್ದವನಿಗೆ ದೇವರ ತಾಳ್ಮೆ ಮುಗಿಯಿತೆಂದು ಹೇಳುವ ಅಧಿಕಾರ ತಮಗಿಲ್ಲ ಎಂದು ಅದೇ ಪತ್ರದಲ್ಲಿ ಬರೆದ.

430ರ ಬೇಸಿಗೆಯಲ್ಲಿ ವ್ಯಾಂಡಲರ ಸೈನ್ಯ ಹಿಪ್ಪೋವನ್ನು ಮುತ್ತಿತು. ಸುತ್ತಲಿನ ಊರುಗಳ ಬಿಷಪರು ಓಡಿಬಂದು ಆ ಕೋಟೆಯೊಳಗೆ ಸೇರಿದ್ದರು. ಅವರಲ್ಲಿ ಒಬ್ಬನಾದ ಕಲಾಮಾದ ಪೊಸಿಡಿಯಸ್ ಕಣ್ಣಾರೆ ಕಂಡದ್ದನ್ನು ಬರೆದಿದ್ದಾನೆ. ಮುತ್ತಿಗೆಯ ಮೂರನೆಯ ತಿಂಗಳಲ್ಲಿ 75 ವರ್ಷದ ಆಗಸ್ಟೀನ್ ಜ್ವರ ಬಂದು ಮಲಗಿದ. ಎಷ್ಟೇ ಒಳ್ಳೆಯ ಕ್ರೈಸ್ತನಾದರೂ, ಬಿಷಪನಾದರೂ, ಪಶ್ಚಾತ್ತಾಪವಿಲ್ಲದೆ ಹೋಗಬಾರದೆಂದು ಅವನು ಹೇಳುತ್ತಿದ್ದನಂತೆ. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಹಾಸಿಗೆಯ ಎದುರಿನ ಗೋಡೆಗೆ ಅಂಟಿಸಿಕೊಂಡ. ಸುಮಾರು ಹತ್ತು ದಿನ, ವೈದ್ಯರು ಬರುವ ಮತ್ತು ಊಟ ತರುವ ಹೊತ್ತು ಬಿಟ್ಟರೆ ಯಾರೂ ಒಳಗೆ ಬರಬಾರದೆಂದು ಕೇಳಿಕೊಂಡು, ಅವುಗಳನ್ನು ಓದುತ್ತ ಅಳುತ್ತ ಇದ್ದ. ಆಗಸ್ಟ್ 28ರಂದು ತೀರಿಕೊಂಡ. ಬಿಟ್ಟುಹೋಗಲು ಆಸ್ತಿಯಿರಲಿಲ್ಲವಾಗಿ ಉಯಿಲು ಬರೆದಿರಲಿಲ್ಲ. ಚರ್ಚಿನ ಕಪಾಟುಗಳಲ್ಲಿದ್ದ ಗ್ರಂಥಗಳನ್ನು ಮಾತ್ರ ಮುಂದಿನವರಿಗಾಗಿ ಜೋಪಾನವಾಗಿಡಿ ಎಂದು ಹೇಳುತ್ತಲೇ ಇದ್ದ.